ರಕ್ತದ ಕ್ಯಾನ್ಸರಿಗೆ ಪರರ ಮಗುವಿನ ರಕ್ತವೇ ಯಾಕೆ?

ಕುಂಬಳೆ, ಮಂಜೇಶ್ವರದ ಕಡೆಯಿಂದ ಹೆರಿಗೆಗೆ ಮಂಗಳೂರಿಗೆ ಹೋಗುವವರಿದ್ದಾರೆ. ‘ಮಗುವಿನ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಿ, ನಾಳೆ ಅದಕ್ಕೇ ಕ್ಯಾನ್ಸರ್ ಬಂದರೆ ಇದೇ ಮದ್ದು’ ಎಂಬ ಮಾತು ಅವರ ಕಿವಿಗೂ ಬಿದ್ದಿರುತ್ತದೆ. ನಂಬಿ ದುಡ್ಡು ಸುರಿಯಬೇಡಿ. ಮಕ್ಕಳ ಲ್ಯುಕೇಮಿಯಾದ, ಅಂದರೆ ರಕ್ತದ ಕ್ಯಾನ್ಸರಿನ, ಮೂಲ ದೋಷ ಎಷ್ಟೋ ಸಲ ಹುಟ್ಟುವ ಮೊದಲೇ ರಕ್ತದಲ್ಲಿರುತ್ತದೆ. ತೆಗೆದಿಟ್ಟ ಚೀಲದಲ್ಲೂ ಅದೇ ಇರಬಹುದು, ಅಲ್ವಾ? ಮೇಲಾಗಿ ಸ್ವಂತ ಬಿಳಿ ರಕ್ತಕಣಗಳು ಆ ಕ್ಯಾನ್ಸರನ್ನು ತಮ್ಮದೇ ಎಂದು ಸುಮ್ನೆ ಬಿಟ್ಟಿರುತ್ತವೆ. ಹೊರಗಿನ ಕಣಗಳು ಬಿಡುವುದಿಲ್ಲ, ಹುಡುಕಿ ಕೊಲ್ಲುತ್ತವೆ.

1988ರಲ್ಲಿ ಪ್ಯಾರಿಸ್‌ನಲ್ಲಿ ಡಾ. ಎಲಿಯಾನ್ ಗ್ಲುಕ್‌ಮನ್ ಅವರ ತಂಡ ಫ್ಯಾಂಕೋನಿ ಅನೀಮಿಯಾ (ಮೂಳೆಮಜ್ಜೆ ರಕ್ತ ತಯಾರಿಸದೆ ಸೋಲುವ, ವಂಶವಾಹಿ ದೋಷದ ಕಾಯಿಲೆ) ಇದ್ದ ಹುಡುಗನಿಗೆ ಅವನ ಪುಟ್ಟ ತಂಗಿಯ ಹೊಕ್ಕುಳಬಳ್ಳಿಯ ರಕ್ತ ಕೊಟ್ಟಿತು. ಇಂಥ ಚಿಕಿತ್ಸೆ ಅದೇ ಮೊದಲು. ಹುಡುಗ ಬದುಕಿದ.

ಕ್ಯಾನ್ಸರಿನಲ್ಲಿ ಹಳೆಯ ಪದ್ಧತಿ ಎಂದರೆ ಭಾರೀ ಕೀಮೋ, ವಿಕಿರಣ ಕೊಟ್ಟು ರೋಗಿಯ ಮೂಳೆಮಜ್ಜೆಯನ್ನೇ ಪೂರ್ತಿ ಸುಟ್ಟು, ಆಮೇಲೆ ರಕ್ತ ಹುಟ್ಟಿಸುವ ಹೊಸ ಕಣ ಹಾಕುವುದು. ಹೊಕ್ಕುಳಬಳ್ಳಿಯ ರಕ್ತದಲ್ಲಿರುವುದು ಇಂಥ ಕಣಗಳೇ. ಅರವತ್ತು ದಾಟಿದವರಿಗೆ, ಹೃದಯ ಸೋತವರಿಗೆ ಅದನ್ನು ತಡೆದುಕೊಳ್ಳುವುದು ಕಷ್ಟ. ಅದಕ್ಕೇ ಸೌಮ್ಯ ಕ್ರಮ ಬಂತು. ನಮ್ಮ ಅಡಕೆ ತೋಟದಲ್ಲಿ ಮರ ಮುದಿಯಾದರೆ ಇಡೀ ತೋಟ ಕಡಿಯುವುದಿಲ್ಲ. ನಡುವೆ ಸಸಿ ನೆಡುತ್ತೇವೆ, ಸಸಿ ಬೇರು ಹಿಡಿದ ಹಾಗೆ ಹಳೆ ಮರ ತೆಗೆಯುತ್ತೇವೆ. ಇಲ್ಲೂ ಹಾಗೇ. ಫ್ಲುಡಾರಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೋ ಮದ್ದು, ಜೊತೆಗೆ 2 ಗ್ರೇ (ವಿಕಿರಣದ ಅಳತೆ) ವಿಕಿರಣ. ಪೂರ್ಣ ಪ್ರಮಾಣದಲ್ಲಾದರೆ 12 ಗ್ರೇ ಅಥವಾ ಅದಕ್ಕೂ ಜಾಸ್ತಿ. ಹೊಸ ಕಣಗಳನ್ನು ಹೊಡೆದೋಡಿಸದಷ್ಟು ರೋಗಿಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿದರೆ ಸಾಕು. ಉಳಿದ ಕ್ಯಾನ್ಸರನ್ನು ಹೊಸ ಕಣಗಳೇ ನೋಡಿಕೊಳ್ಳುತ್ತವೆ. ಅಡಕೆ ಸಸಿ ಹಳೆ ಮರವನ್ನು ಕೊಲ್ಲುವುದಿಲ್ಲ. ಈ ಕಣ ಕೊಲ್ಲುತ್ತದೆ. ಚಿಕಿತ್ಸೆಯ ಜೀವಾಳ ಅದೇ.

ಒಂದು ಹೊಕ್ಕುಳಬಳ್ಳಿಯಲ್ಲಿ ಸಿಗುವ ರಕ್ತ ಸಾಮಾನ್ಯವಾಗಿ ನೂರು ಮಿಲಿಲೀಟರಿನ ಆಸುಪಾಸು. ದೊಡ್ಡವರಿಗೆ ಅದು ಸಾಲದು. ಅಮೆರಿಕದ ಮಿನ್ನೆಸೋಟಾದ ವೈದ್ಯರು ಎರಡು ಮಕ್ಕಳ ಚೀಲ ಒಟ್ಟಿಗೇ ಕೊಟ್ಟು ನೋಡಿದರು. ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಒಂದೇ ಮಗುವಿನ ರಕ್ತ! ಮೈನಸ್ 196 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿಟ್ಟ ಚೀಲವನ್ನು ಕರಗಿಸಿ ಡ್ರಿಪ್‌ನಲ್ಲಿ ಬಿಟ್ಟಾಗ ರೋಗಿಯ ಉಸಿರಿಗೆ ಬೆಳ್ಳುಳ್ಳಿಯಂಥ ವಾಸನೆ ಬರುತ್ತದೆ. ಕಣಗಳನ್ನು ಕಾಪಾಡಲು ಹಾಕಿದ ಡಿಎಂಎಸ್‌ಒ ಎಂಬ ದ್ರವದ ಗುಣ ಅದು. ಆಮೇಲೆ ಬಿಳಿ ಕಣ ಏರಲು ವಾರಗಟ್ಟಲೆ ಕಾಯಬೇಕು, ಆಗ ಸೋಂಕಿನ ಭಯ. ಪೂರ್ಣ ಕ್ರಮಕ್ಕಿಂತ ಸೌಮ್ಯ ಕ್ರಮದಲ್ಲಿ ಕ್ಯಾನ್ಸರ್ ಮರಳುವ ಸಾಧ್ಯತೆಯೂ ಹೆಚ್ಚು.

ಸ್ವಂತಕ್ಕೆಂದು ಖಾಸಗಿಯಾಗಿ ರಕ್ತ ಕೂಡಿಡುವುದನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಶಿಫಾರಸು ಮಾಡುವುದಿಲ್ಲ. ಮನೆಯ ದೊಡ್ಡ ಮಗುವಿಗೆ ಆಗಲೇ ಇಂಥ ಕಾಯಿಲೆ ಇದ್ದರೆ ಲೆಕ್ಕ ಬೇರೆ. ಆಗ ಹೆರಿಗೆಗೆ ಮೊದಲೇ ರಕ್ತರೋಗ ತಜ್ಞರನ್ನು ಕಂಡು ಮಾತಾಡಿ.