ಗುಡುಗಿನ ಹಕ್ಕಿ ಮತ್ತೆ ಬೆಟ್ಟ ಹತ್ತಿದ ಕಥೆ

ಜಪಾನಿನ ಎತ್ತರದ ಬೆಟ್ಟಗಳಲ್ಲಿ ಮಂಜು ಮುಸುಕಿ, ಇನ್ನೇನು ಗುಡುಗಬೇಕು ಅನ್ನುವ ಹೊತ್ತಿಗೆ ಕುಳ್ಳ ಪೈನ್ ಪೊದೆಯಿಂದ ಒಂದು ಹಕ್ಕಿ ಹೊರಗೆ ಬರುತ್ತದೆ. ಆಗ ಹದ್ದುಗಳ ಕಾಟ ಇರುವುದಿಲ್ಲ. ಅಲ್ಲಿಯವರು ಅದನ್ನು ರೈಚೋ ಅನ್ನುತ್ತಾರೆ, ಅಂದರೆ ಗುಡುಗಿನ ಹಕ್ಕಿ. ಇಂಗ್ಲಿಷಿನಲ್ಲಿ ಟಾರ್ಮಿಗನ್. ತೂಕ ಅರ್ಧ ಕೆಜಿ ಆಸುಪಾಸು. ನಮ್ಮ ಗೌಜಲಕ್ಕಿಗೂ ದೂರದ ನೆಂಟ.

ಇದರ ಗರಿಯ ಬಣ್ಣ ನೋಡಬೇಕು. ವರ್ಷಕ್ಕೆ ಮೂರು ಸಲ ಬದಲಾಗುತ್ತದೆ. ಬೇಸಿಗೆಯಲ್ಲಿ ಗಂಡು ಕಪ್ಪು ಮಿಶ್ರಿತ ಕಂದು, ಹೆಣ್ಣು ಒಣಹುಲ್ಲಿನಂಥ ಹಳದಿ ಕಂದು. ಶರತ್ಕಾಲದಲ್ಲಿ ಬಂಡೆಯ ಬೂದು. ಚಳಿಗಾಲಕ್ಕೆ ಮೈಯೆಲ್ಲ ಬಿಳಿ, ಬಾಲದಲ್ಲಿ ಕಪ್ಪು, ಗಂಡಿಗೆ ಕಣ್ಣಿನ ಬಳಿಯೂ ಒಂದು ಕಪ್ಪು ಗೆರೆ. ಕಾಲ್ಬೆರಳವರೆಗೂ ಗರಿ, ಕಂಬಳಿ ಸುತ್ತಿಕೊಂಡ ಹಾಗೆ! ಗಂಡಿನ ಕಣ್ಣಿನ ಮೇಲೆ ಕುಂಕುಮದಂಥ ಕೆಂಪು ಪಟ್ಟಿ. ನನಗಂತೂ ಇಷ್ಟು ಚೆಂದದ ಹಕ್ಕಿ ಇನ್ನೊಂದಿಲ್ಲ.

ಆದರೆ ಬಣ್ಣ ಬದಲಿಸಲು ಅದು ಮುಖ್ಯವಾಗಿ ನೋಡುವುದು ಹಗಲಿನ ಉದ್ದವನ್ನು, ಹಿಮವನ್ನಲ್ಲ. ಹಿಮ ತಡವಾಗಿ ಬಿದ್ದರೆ ಬರಿ ನೆಲದ ಮೇಲೆ ಬಿಳಿ ಹಕ್ಕಿ ಎದ್ದು ಕಾಣುತ್ತದೆ, ಅಲ್ವಾ?

ಹಿಮಯುಗದಲ್ಲಿ ಉತ್ತರದಿಂದ ಬಂದ ಈ ಹಕ್ಕಿಗಳು, ನೆಲ ಬೆಚ್ಚಗಾದಂತೆ ಬೆಟ್ಟ ಹತ್ತಿ ಶಿಖರಗಳಲ್ಲೇ ಉಳಿದುಬಿಟ್ಟವು. ಅದಕ್ಕಿಂತ ಮೇಲೆ ಹೋಗಲು ಜಾಗವಿಲ್ಲ. ಆ ಬೆಟ್ಟಗಳನ್ನು ಜನ ದೇವರೆಂದು ಪೂಜಿಸುತ್ತಿದ್ದರು, ಹಾಗಾಗಿ ಹಕ್ಕಿಗೂ ಕೈ ಹಾಕುತ್ತಿರಲಿಲ್ಲ. ಇವತ್ತಿಗೂ ಅದು ಮನುಷ್ಯರಿಗೆ ಹೆದರದೆ ನಾಲ್ಕು ಹೆಜ್ಜೆ ದೂರದಲ್ಲಿ ಸುಮ್ನೆ ಮೇಯುತ್ತಿರುತ್ತದೆ. 1955ರಲ್ಲಿ ಸರ್ಕಾರ ಅದಕ್ಕೆ ವಿಶೇಷ ರಕ್ಷಣೆ ಕೊಟ್ಟಿತು. ಆದರೂ 1980ರ ದಶಕದಲ್ಲಿ ಸುಮಾರು 3000 ಇದ್ದವು 2000ಕ್ಕಿಂತ ಕೆಳಗಿಳಿದವು. ತಪ್ಪಲಿನ ನರಿಗಳು ಮೇಲೆ ಬಂದವು. 2015ರಲ್ಲಿ ಕೋತಿಯೊಂದು ಮರಿ ಹಿಡಿದು ತಿನ್ನುವುದು ಕ್ಯಾಮೆರಾದಲ್ಲೇ ಸಿಕ್ಕಿತು.

ಜಪಾನಿನದೇ ಬೆಟ್ಟಸಾಲಾದ ಮಧ್ಯ ಆಲ್ಪ್ಸ್‌ನಲ್ಲಿ 1969ರ ನಂತರ ರೈಚೋ ಕಂಡಿರಲೇ ಇಲ್ಲ. 2018ರಲ್ಲಿ 2956 ಮೀಟರ್ ಎತ್ತರದ ಕಿಸೊಕೊಮಾ ಬೆಟ್ಟದಲ್ಲಿ ಒಂದೇ ಒಂದು ಹೆಣ್ಣು ಕಾಣಿಸಿತು. ಬೇರೆ ಬೆಟ್ಟದಿಂದ ಹಾರಿ ಬಂದದ್ದು. ಗಂಡಿಲ್ಲದಿದ್ದರೂ ಗೂಡು ಮಾಡಿ, ಮರಿಯಾಗದ ಮೊಟ್ಟೆ ಇಟ್ಟು ಕಾವು ಕೂತಿತ್ತು. ಇದನ್ನು ಓದಿದಾಗ ಕರುಳು ಚುರುಕ್ ಅಂದಿತು.

ಆ ಒಂಟಿ ಹಕ್ಕಿಯೇ ಎಲ್ಲಕ್ಕೂ ನಾಂದಿಯಾಯಿತು. ಮರುವರ್ಷ ಬೇರೆ ಕಡೆಯ ಮೊಟ್ಟೆ ತಂದು ಅದರ ಗೂಡಿನಲ್ಲಿಟ್ಟರು. ಮರಿಗಳೇನೋ ಹೊರಬಂದವು, ಬದುಕಲಿಲ್ಲ. 2020ರ ಆಗಸ್ಟ್‌ನಲ್ಲಿ ನೊರಿಕುರಾ ಬೆಟ್ಟದಿಂದ ಮೂರು ಸಂಸಾರ, ಒಟ್ಟು 19 ಹಕ್ಕಿಗಳನ್ನು ಹೆಲಿಕಾಪ್ಟರ್‌ನಲ್ಲಿ ತಂದರು. ಕೆಲವು ದಿನ ಬೋನಿನೊಳಗೆ ಕಾಪಾಡಿ, ಆಮೇಲೆ ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಆ ಬೆಟ್ಟದ ಪೈನ್ ಪೊದೆಗಳ ಬುಡದಲ್ಲಿ ಮತ್ತೆ ಮರಿಗಳು ಓಡಾಡಿದವು.