16ರಿಂದ 48: ವಿಶ್ವಕಪ್ ಸ್ಥಾನಗಳ ಹಗ್ಗಜಗ್ಗಾಟ

ಈ ಸಲದ ಫುಟ್‌ಬಾಲ್ ವಿಶ್ವಕಪ್‌ನ ಲೆಕ್ಕಾಚಾರ ಹಳೆಯ ಅಭಿಮಾನಿಗಳಿಗೂ ತಲೆನೋವಾಗಿದೆ. 2026ರ ಜೂನ್ 11ರಿಂದ ಜುಲೈ 19ರವರೆಗೆ ಅಮೆರಿಕ, ಕೆನಡಾ, ಮೆಕ್ಸಿಕೊ ಮೂರೂ ದೇಶಗಳ 16 ನಗರಗಳಲ್ಲಿ 48 ತಂಡಗಳು 104 ಪಂದ್ಯ ಆಡಲಿವೆ. ನಾಲ್ಕು ವರ್ಷದ ಹಿಂದೆ ಕತಾರ್‌ನಲ್ಲಿ ಇದ್ದದ್ದು 32 ತಂಡ, 64 ಪಂದ್ಯ. ಈಗ 12 ಗುಂಪುಗಳು. ಪ್ರತಿ ಗುಂಪಿನ ಮೊದಲೆರಡು ತಂಡಗಳು ನೇರ ಮುಂದಕ್ಕೆ. ಮೂರನೇ ಸ್ಥಾನದಲ್ಲಿ ನಿಂತ 12 ತಂಡಗಳಲ್ಲಿ ಎಂಟಕ್ಕೆ ಮತ್ತೊಂದು ಅವಕಾಶ. ಕಪ್ ಎತ್ತಬೇಕಾದರೆ ಏಳರ ಬದಲು ಎಂಟು ಪಂದ್ಯ ಆಡಬೇಕು.

‘ಇಷ್ಟೊಂದು ತಂಡ ಯಾಕೆ? ಆಟದ ಗುಣಮಟ್ಟ ಏನಾಗಬೇಕು?’ ಎಂಬ ಮಾತು ಎಲ್ಲ ಕಡೆ ಕೇಳುತ್ತಿದೆ. ಇದು ಈ ವರ್ಷ ಹುಟ್ಟಿದ ಜಗಳವಲ್ಲ. ಯಾವ ಖಂಡಕ್ಕೆ ಎಷ್ಟು ಸ್ಥಾನ ಎಂಬ ತಕರಾರು ವಿಶ್ವಕಪ್‌ನಷ್ಟೇ ಹಳೆಯದು. ಈಗಿನ ಗೊಂದಲ ಬಿಡಿಸಿಕೊಳ್ಳಲು ಅದರ ಬುಡಕ್ಕೇ ಹೋಗಬೇಕು.

ಮೊದಲ ಎರಡು ದಶಕದ ಕಥೆ ಚಿಕ್ಕದು. 1930ರಲ್ಲಿ ಉರುಗ್ವೆಗೆ ಹೋದದ್ದು 13 ತಂಡ, ಅದೂ ಆಹ್ವಾನದ ಮೇಲೆ. ಹಡಗಿನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಲು ಒಪ್ಪಿದ ಯುರೋಪಿನ ತಂಡಗಳು ನಾಲ್ಕೇ. 1934ರಲ್ಲಿ ಅರ್ಹತಾ ಸುತ್ತು ಶುರುವಾಯಿತು, ಆತಿಥೇಯ ಇಟಲಿ ಕೂಡ ಅದನ್ನು ದಾಟಿಯೇ ಬರಬೇಕಾಯಿತು. ಆ ವರ್ಷ ಈಜಿಪ್ಟ್, 1938ರಲ್ಲಿ ಈಗಿನ ಇಂಡೊನೇಷ್ಯಾವಾಗಿರುವ ಡಚ್ ಈಸ್ಟ್ ಇಂಡೀಸ್ ಒಂದೊಂದು ಪಂದ್ಯ ಆಡಿ ಹಿಂದಿರುಗಿದವು. 1950ರಲ್ಲಿ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದಿದ್ದರಿಂದ ಭಾರತಕ್ಕೆ ಆಡದೆಯೇ ಸ್ಥಾನ ಸಿಕ್ಕಿತ್ತು, ಆದರೆ ನಮ್ಮ ತಂಡ ಬ್ರೆಜಿಲ್‌ಗೆ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂದು ಹೋಗಲಿಲ್ಲ ಎಂಬ ಕಥೆ ಇಂದಿಗೂ ಓಡಾಡುತ್ತಿದೆ. ಆಗ ಕೊಟ್ಟ ಕಾರಣ ಬೇರೆ: ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಾಲದ ಸಮಯ.

ನಿಜವಾದ ಜಟಾಪಟಿ ಶುರುವಾದದ್ದು 1950ರ ದಶಕದ ಕೊನೆಯಲ್ಲಿ. ಆಗ ಒಟ್ಟು ಸ್ಥಾನ 16. ಏಷ್ಯಾ, ಆಫ್ರಿಕಾ ಎರಡೂ ಖಂಡಗಳಿಗೆ ಸೇರಿ ಒಂದೇ ಜಾಗ. 1958ರ ಅರ್ಹತಾ ಸುತ್ತಿನಲ್ಲಿ ಟರ್ಕಿ, ಇಂಡೊನೇಷ್ಯಾ, ಸುಡಾನ್ ಒಂದರ ಹಿಂದೆ ಒಂದು ಇಸ್ರೇಲ್ ವಿರುದ್ಧ ಆಡಲು ನಿರಾಕರಿಸಿದವು. ಒಂದೂ ಪಂದ್ಯ ಆಡದೆ ಇಸ್ರೇಲ್ ಗೆದ್ದಂತಾಯಿತು. ಆಡದ ತಂಡವನ್ನು ವಿಶ್ವಕಪ್‌ಗೆ ಕಳಿಸುವುದು ಹೇಗೆ ಎಂದು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಯುರೋಪಿನಲ್ಲಿ ಎರಡನೇ ಸ್ಥಾನ ಪಡೆದು ಹೊರಬಿದ್ದಿದ್ದ ತಂಡಗಳ ಚೀಟಿ ಎತ್ತಿಸಿತು. ಮೊದಲು ಬಂದ ಹೆಸರು ಬೆಲ್ಜಿಯಂ, ಅದು ಬೇಡವೆಂದಿತು. ಆಮೇಲೆ ಬಂದದ್ದು ವೇಲ್ಸ್. ವೇಲ್ಸ್ ಇಸ್ರೇಲ್ ವಿರುದ್ಧದ ಎರಡೂ ಪಂದ್ಯಗಳನ್ನು 2–0ಯಿಂದ ಗೆದ್ದು, ಏಷ್ಯಾ–ಆಫ್ರಿಕಾದ ಪಾಲಿನ ಜಾಗದಲ್ಲಿ ಸ್ವೀಡನ್‌ಗೆ ಹೋಯಿತು.

ಕಾರ್ಡಿಫ್‌ನಲ್ಲಿ ಆ ಎರಡನೇ ಪಂದ್ಯ ನಡೆದದ್ದು 1958ರ ಫೆಬ್ರುವರಿ 5ರಂದು. ವೇಲ್ಸ್ ತಂಡ ನೋಡಿಕೊಳ್ಳುತ್ತಿದ್ದ ಜಿಮ್ಮಿ ಮರ್ಫಿ, ಮ್ಯಾಂಚೆಸ್ಟರ್ ಯುನೈಟೆಡ್‌ನ ಸಹಾಯಕ ಮ್ಯಾನೇಜರ್ ಕೂಡ ಆಗಿದ್ದರು. ಈ ಪಂದ್ಯಕ್ಕೆಂದು ಉಳಿದುಕೊಂಡದ್ದರಿಂದ ಅವರು ಕ್ಲಬ್ ತಂಡದೊಂದಿಗೆ ಬೆಲ್‌ಗ್ರೇಡ್‌ಗೆ ಹೋಗಿರಲಿಲ್ಲ. ಮರುದಿನ ಮ್ಯೂನಿಕ್‌ನಲ್ಲಿ ಆ ತಂಡದ ವಿಮಾನ ಅಪಘಾತಕ್ಕೀಡಾಯಿತು. ಒಂದು ಚೀಟಿ ಎಷ್ಟೆಲ್ಲ ಜೀವನಗಳನ್ನು ಹಾದುಹೋಯಿತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ವೇಲ್ಸ್ ಅಲ್ಲಿ ಚೆನ್ನಾಗಿಯೇ ಆಡಿತು; ಕ್ವಾರ್ಟರ್‌ಫೈನಲ್‌ನಲ್ಲಿ ಪೆಲೆ ಹೊಡೆದ ಒಂದೇ ಗೋಲಿನಿಂದ ಸೋತಿತು. ಆದರೆ ಎರಡು ಖಂಡಗಳ ಅಭಿಮಾನಿಗಳಿಗೆ ಆ ವಿಶ್ವಕಪ್‌ನಲ್ಲಿ ತಮ್ಮದೆನ್ನುವ ತಂಡವೇ ಇರಲಿಲ್ಲ. 1962ರಲ್ಲೂ ಅದೇ ಪಾಡು. ಆ ಸಲ ಆಫ್ರಿಕಾ, ಏಷ್ಯಾದ ವಿಜೇತರು ಕೊನೆಗೆ ಯುರೋಪಿನ ತಂಡವನ್ನು ಸೋಲಿಸಿ ಬರಬೇಕೆಂಬ ನಿಯಮವಿತ್ತು. ಮೊರಾಕ್ಕೊ ಸ್ಪೇನ್‌ಗೆ, ದಕ್ಷಿಣ ಕೊರಿಯಾ ಯುಗೊಸ್ಲಾವಿಯಾಕ್ಕೆ ಸೋತವು.

ಈ ನಡುವೆ ಭೂಪಟವೇ ಬದಲಾಗಿತ್ತು. 1960ರ ಒಂದೇ ವರ್ಷದಲ್ಲಿ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಹೊಸ ದೇಶಗಳು ಧ್ವಜ, ರಾಷ್ಟ್ರಗೀತೆಗಳ ಜೊತೆಗೇ ಫುಟ್‌ಬಾಲ್ ತಂಡವನ್ನೂ ಕಟ್ಟಿಕೊಂಡವು. ಅವುಗಳಲ್ಲಿ ಎಲ್ಲರ ಕಣ್ಣು ಘಾನಾದ ಮೇಲೆ. ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರಿಗೆ ‘ಬ್ಲ್ಯಾಕ್ ಸ್ಟಾರ್ಸ್’ ಎಂಬ ಹೆಸರಿನ ತಮ್ಮ ದೇಶದ ತಂಡವೆಂದರೆ ಇಡೀ ಖಂಡದ ಹೆಮ್ಮೆ. 1962ರಲ್ಲಿ ಅಕ್ರಾಕ್ಕೆ ಬಂದ ರಿಯಲ್ ಮ್ಯಾಡ್ರಿಡ್ ಎದುರು ಅದು 3–3 ಡ್ರಾ ಮಾಡಿಕೊಂಡಿತ್ತು. 1963, 1965 ಎರಡೂ ಸಲ ಆಫ್ರಿಕಾ ಕಪ್ ಗೆದ್ದಿತು. ಆ ತಂಡ ವಿಶ್ವಕಪ್‌ನಲ್ಲಿ ಆಡಲೇ ಇಲ್ಲ.

ಕಾರಣ 1966ರ ಸ್ಥಾನ ಹಂಚಿಕೆ. ಆತಿಥೇಯ ಇಂಗ್ಲೆಂಡ್ ಸೇರಿ ಯುರೋಪಿಗೆ 10, ದಕ್ಷಿಣ ಅಮೆರಿಕಕ್ಕೆ ನಾಲ್ಕು, ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ ಒಂದು. ಉಳಿದದ್ದು ಒಂದು. ಅದಕ್ಕೆ ಆಫ್ರಿಕಾ, ಏಷ್ಯಾ, ಆಸ್ಟ್ರೇಲಿಯಾ ಎಲ್ಲರೂ ಬಡಿದಾಡಬೇಕು. ಘಾನಾದ ಕ್ರೀಡಾ ನಿರ್ದೇಶಕ, ಫಿಫಾ ಕಾರ್ಯಕಾರಿ ಸಮಿತಿಯಲ್ಲೂ ಇದ್ದ ಒಹೆನೆ ಜಾನ್ ಟೆಲಿಗ್ರಾಂ ಕಳಿಸಿ ಇದನ್ನು ಖಂಡಿಸಿದರು. ಇಥಿಯೋಪಿಯಾದ ಟೆಸ್ಸೆಮಾ ಇಡ್ನೆಕಾಚೆವ್ ಅವರ ದನಿಗೂಡಿತು. ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಫಿಫಾ 1963ರಲ್ಲಿ ಮತ್ತೆ ಬಾಗಿಲು ತೆರೆದದ್ದು ಸಿಟ್ಟನ್ನು ಇನ್ನಷ್ಟು ಕೆರಳಿಸಿತ್ತು. ಜಾಗ ಸಿಗುವವರೆಗೆ ಆಡುವುದಿಲ್ಲ ಎಂದು 1964ರಲ್ಲಿ ಆಫ್ರಿಕಾದ ತಂಡಗಳೆಲ್ಲ ಒಟ್ಟಾಗಿ ಹೊರನಡೆದವು. ಫಿಫಾ ದಂಡ ಹಾಕಿತು, ಅವು ಜಗ್ಗಲಿಲ್ಲ.

ಇದರ ಬೆಲೆ ತೆತ್ತವರು ಆಟಗಾರರು. ಕಾಲಿನಲ್ಲಿ ಕಸುವು ಇರುವ ವರ್ಷಗಳು ಒಬ್ಬ ಫುಟ್‌ಬಾಲ್ ಆಟಗಾರನಿಗೆ ಎಷ್ಟೆಂದು ಸಿಕ್ಕಾವು? ಘಾನಾದ ಆ ಪೀಳಿಗೆ ತನ್ನ ಒಳ್ಳೆಯ ಕಾಲವನ್ನು ಮುಂದಿನವರ ಸ್ಥಾನಕ್ಕಾಗಿ ಬಿಟ್ಟುಕೊಟ್ಟಿತು. ಘಾನಾ ವಿಶ್ವಕಪ್ ಕಂಡದ್ದು 40 ವರ್ಷಗಳ ನಂತರ, 2006ರಲ್ಲಿ.

ಉಳಿದ ಒಂದು ಸ್ಥಾನಕ್ಕೆ ಕೊನೆಗೆ ನಿಂತದ್ದು ಉತ್ತರ ಕೊರಿಯಾ ಮತ್ತು ಆಸ್ಟ್ರೇಲಿಯಾ. ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಎರಡೂ ಪಂದ್ಯ ಗೆದ್ದು ಕೊರಿಯನ್ನರು ಇಂಗ್ಲೆಂಡ್‌ಗೆ ಬಂದರು. ಮಿಡಲ್ಸ್‌ಬರೊದ ಏರ್‌ಸಮ್ ಪಾರ್ಕ್‌ನಲ್ಲಿ, ವಿರಾಮಕ್ಕೆ ಇನ್ನೇನು ಕೆಲವೇ ನಿಮಿಷ ಇರುವಾಗ ಪಾಕ್ ದೂ ಇಕ್ ಹೊಡೆದ ಗೋಲಿನಿಂದ ಇಟಲಿ ಸೋತು ಮನೆ ದಾರಿ ಹಿಡಿಯಿತು. ತಾಯ್ನಾಡಿನಲ್ಲಿ ಆ ತಂಡಕ್ಕೆ ಸಿಕ್ಕ ಸ್ವಾಗತ ಕೊಳೆತ ಟೊಮೆಟೊ. ಮಿಡಲ್ಸ್‌ಬರೊದ ಜನ ಅಷ್ಟರಲ್ಲಿ ಕೊರಿಯನ್ನರನ್ನು ತಮ್ಮವರನ್ನಾಗಿ ಮಾಡಿಕೊಂಡಿದ್ದರು. ಕ್ವಾರ್ಟರ್‌ಫೈನಲ್‌ಗೆಂದು ಲಿವರ್‌ಪೂಲ್‌ವರೆಗೂ ಹಿಂಬಾಲಿಸಿ ಹೋದರು. ಅಲ್ಲಿ ಪೋರ್ಚುಗಲ್ ಎದುರು ಕೊರಿಯಾ 3–0 ಮುಂದಿತ್ತು. ನಂತರ ಯುಸೇಬಿಯೊ ಒಬ್ಬರೇ ನಾಲ್ಕು ಗೋಲು ಹೊಡೆದು ಪಂದ್ಯವನ್ನು 5–3ಕ್ಕೆ ತಿರುಗಿಸಿದರು. ಇಷ್ಟು ಮಾಡಿದ್ದು ‘ಒಂದೇ ಜಾಗ ಸಾಕು’ ಎನಿಸಿಕೊಂಡಿದ್ದ ಖಂಡಗಳಿಂದ ಬಂದ ತಂಡ.

ಬಹಿಷ್ಕಾರ ಫಲ ಕೊಟ್ಟಿತು. 1970ರಿಂದ ಆಫ್ರಿಕಾಕ್ಕೆ ಒಂದು ಖಾಯಂ ಸ್ಥಾನ. 1974ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಫಿಫಾ ಅಧ್ಯಕ್ಷ ಚುನಾವಣೆಯಲ್ಲಿ ಬ್ರೆಜಿಲ್‌ನ ಜೊವಾವೊ ಹ್ಯಾವೆಲಾಂಜ್, ಆಗಿನ ಅಧ್ಯಕ್ಷ ಸ್ಟ್ಯಾನ್ಲಿ ರೌಸ್ ಅವರನ್ನು ಸೋಲಿಸಿದರು. ಹೆಚ್ಚು ತಂಡಗಳಿಗೆ ವಿಶ್ವಕಪ್ ಎಂಬುದು ಅವರ ಪ್ರಚಾರದ ಮುಖ್ಯ ಭರವಸೆ. ಫಿಫಾದಲ್ಲಿ ದೊಡ್ಡದಿರಲಿ ಚಿಕ್ಕದಿರಲಿ, ಪ್ರತಿ ದೇಶಕ್ಕೂ ಒಂದೇ ಮತ. ಅಲ್ಲಿಂದ ಮುಂದೆ ಸ್ಥಾನಗಳ ಲೆಕ್ಕ ಮೈದಾನದಷ್ಟೇ ಮತಪೆಟ್ಟಿಗೆಯಲ್ಲೂ ಇತ್ಯರ್ಥವಾಗತೊಡಗಿತು. ಇದರಲ್ಲಿ ಒಳ್ಳೆಯದೂ ಇದೆ, ಅಳುಕು ಹುಟ್ಟಿಸುವಂಥದ್ದೂ ಇದೆ. ನ್ಯಾಯವಾಗಿ ಸಿಗಬೇಕಾದ್ದು ಎಷ್ಟೋ ದೇಶಗಳಿಗೆ ಸಿಕ್ಕಿದ್ದು ಈ ಮತದ ಬಲದಿಂದಲೇ. ಯಾವ ವಿಸ್ತರಣೆ ಆಟಕ್ಕಾಗಿ, ಯಾವುದು ಮತಕ್ಕಾಗಿ, ಯಾವುದು ಹಣಕ್ಕಾಗಿ ಎಂದು ಬೇರ್ಪಡಿಸುವುದು ಮಾತ್ರ ಅಂದಿನಿಂದ ಕಷ್ಟವಾಯಿತು.

1974ರಲ್ಲೇ ಆಫ್ರಿಕಾದ ಜಯೀರ್ (ಈಗಿನ ಡಿ.ಆರ್. ಕಾಂಗೊ) ತಂಡ ಯುಗೊಸ್ಲಾವಿಯಾಕ್ಕೆ 9–0ಯಿಂದ ಸೋತಾಗ ‘ಇವರಿಗೆ ಜಾಗ ಯಾಕೆ’ ಎಂದವರಿಗೆ ಬೇಕಾದಷ್ಟು ಮಾತು ಸಿಕ್ಕಿತು. ನಾಲ್ಕು ವರ್ಷ ಬಿಟ್ಟು ಟುನೀಶಿಯಾ ಮೆಕ್ಸಿಕೊವನ್ನು 3–1ರಿಂದ ಸೋಲಿಸಿತು. ವಿಶ್ವಕಪ್‌ನಲ್ಲಿ ಆಫ್ರಿಕಾದ ಮೊದಲ ಗೆಲುವು ಅದು. 1982ರಲ್ಲಿ ಸ್ಪೇನ್‌ನಲ್ಲಿ ತಂಡಗಳು 24 ಆದವು, ಆಫ್ರಿಕಾಕ್ಕೆ ಎರಡು ಸ್ಥಾನ ಬಂತು. ಆ ಎರಡೂ ತಂಡಗಳಿಗೆ ಆದದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕ್ಯಾಮರೂನ್ ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಒಂದನ್ನೂ ಸೋಲದೆ ಹೊರಬಿತ್ತು. ಅಷ್ಟೇ ಅಂಕ ಗಳಿಸಿ ಒಂದು ಗೋಲು ಹೆಚ್ಚು ಹೊಡೆದಿದ್ದ ಇಟಲಿ ಮುಂದೆ ಹೋಗಿ ಕಪ್ಪನ್ನೇ ಗೆದ್ದಿತು.

ಅಲ್ಜೀರಿಯಾದ್ದು ಇನ್ನೂ ನೋವಿನ ಕಥೆ. ಮಾಜೆರ್, ಬೆಲ್ಲೂಮಿ ಗೋಲುಗಳಿಂದ ಅದು ಪಶ್ಚಿಮ ಜರ್ಮನಿಯನ್ನು 2–1ರಿಂದ ಸೋಲಿಸಿತ್ತು. ಆಸ್ಟ್ರಿಯಾಕ್ಕೆ ಸೋತರೂ ಚಿಲಿಯನ್ನು ಗೆದ್ದು ತನ್ನ ಪಂದ್ಯ ಮುಗಿಸಿತ್ತು. ಮರುದಿನ, ಜೂನ್ 25ರಂದು, ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಎದುರಾದವು. ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಕ್ಕೆ, ಅಲ್ಜೀರಿಯಾ ಮನೆಗೆ. ಇದು ಎರಡೂ ತಂಡಗಳಿಗೆ ಮೊದಲೇ ಗೊತ್ತಿತ್ತು. ಹತ್ತನೇ ನಿಮಿಷದಲ್ಲಿ ಹ್ರುಬೇಶ್ ಗೋಲು ಹೊಡೆದರು. ಹೊತ್ತು ಹೋದಂತೆ ಆಟ ಸತ್ತೇಹೋಯಿತು: ತಮ್ಮದೇ ಅರ್ಧದಲ್ಲಿ ಪಾಸ್, ಮತ್ತೆ ಗೋಲ್‌ಕೀಪರ್‌ಗೆ, ಮತ್ತೆ ಪಾಸ್. ಸ್ಪೇನ್‌ನ ಪ್ರೇಕ್ಷಕರು ಬಿಳಿ ಕರವಸ್ತ್ರ ಬೀಸಿದರು, ಅಲ್ಜೀರಿಯಾದವರು ಬೇಲಿಯ ಬಳಿ ನೋಟುಗಳನ್ನು ಹಿಡಿದು ಆಡಿಸಿದರು. ಅಲ್ಜೀರಿಯಾದ ದೂರನ್ನು ಫಿಫಾ ತಳ್ಳಿಹಾಕಿತು, ಯಾವ ನಿಯಮವೂ ಮುರಿದಿರಲಿಲ್ಲ. 1986ರಿಂದ ಗುಂಪಿನ ಕೊನೆಯ ಎರಡು ಪಂದ್ಯಗಳು ಏಕಕಾಲಕ್ಕೆ ನಡೆಯುತ್ತಿರುವುದು ಆ ಸಂಜೆಯ ಕಾರಣಕ್ಕೆ.

ನಂತರದ್ದು ಬಹಳ ಜನರಿಗೆ ಗೊತ್ತಿರುವ ಚರಿತ್ರೆ. 1990ರಲ್ಲಿ ಒಂಬತ್ತು ಜನರಿಗೆ ಇಳಿದೂ ಅರ್ಜೆಂಟೀನಾವನ್ನು ಮಣಿಸಿ, 38 ವರ್ಷದ ರೋಜರ್ ಮಿಲ್ಲಾ ಜೊತೆ ಕ್ವಾರ್ಟರ್‌ಫೈನಲ್ ತಲುಪಿದ ಕ್ಯಾಮರೂನ್ ಮುಂದಿನ ವಿಶ್ವಕಪ್‌ನಲ್ಲಿ ಆಫ್ರಿಕಾದ ಪಾಲನ್ನು ಎರಡರಿಂದ ಮೂರಕ್ಕೆ ಏರಿಸಿತು. 1998ರಲ್ಲಿ 32 ತಂಡ, ಆಫ್ರಿಕಾಕ್ಕೆ ಐದು; ಆ ವರ್ಷ ಮೊದಲ ಸಲ ಬಂದ ಕ್ರೊಯೇಷಿಯಾ ಮೂರನೇ ಸ್ಥಾನ ಪಡೆಯಿತು. 2002ರಲ್ಲಿ ದಕ್ಷಿಣ ಕೊರಿಯಾ, 2022ರಲ್ಲಿ ಮೊರಾಕ್ಕೊ ಸೆಮಿಫೈನಲ್ ಆಡಿದವು. ಗುಣಮಟ್ಟ ಕುಸಿಯುತ್ತದೆ ಎಂಬ ಭವಿಷ್ಯವಾಣಿ ಪ್ರತಿ ವಿಸ್ತರಣೆಯಲ್ಲೂ ಕೇಳಿಬಂದಿದೆ, ಹೊಸದಾಗಿ ಬಂದವರಲ್ಲಿ ಯಾರಾದರೊಬ್ಬರು ಅದನ್ನು ಸುಳ್ಳು ಮಾಡುತ್ತಲೇ ಬಂದಿದ್ದಾರೆ.

48ರ ತೀರ್ಮಾನ ಆದದ್ದು 2017ರ ಜನವರಿಯಲ್ಲಿ, ಜ್ಯೂರಿಕ್‌ನಲ್ಲಿ. ಮೂರು ತಂಡಗಳ 16 ಗುಂಪು ಎಂಬುದು ಮೊದಲ ಯೋಜನೆ. ಮೂರೇ ತಂಡ ಇದ್ದರೆ ಕೊನೆಯ ಪಂದ್ಯದ ದಿನ ಒಂದು ತಂಡ ಸುಮ್ಮನೆ ಕೂರಬೇಕು. ಅಂದರೆ ಹಿಹೋನ್‌ಗೆ ಮತ್ತೆ ದಾರಿ. ಕತಾರ್‌ನಲ್ಲಿ ಗುಂಪು ಹಂತದ ಕೊನೆಯ ದಿನಗಳ ರೋಚಕತೆ ನೋಡಿದ ಮೇಲೆ, 2023ರ ಮಾರ್ಚ್‌ನಲ್ಲಿ ಕಿಗಾಲಿಯಲ್ಲಿ ಅದನ್ನು ಕೈಬಿಟ್ಟು ನಾಲ್ಕರ ಗುಂಪಿಗೇ ಮರಳಲಾಯಿತು. ಪಂದ್ಯಗಳ ಸಂಖ್ಯೆ 80ರಿಂದ 104ಕ್ಕೆ ಏರಿದ್ದು ಹೀಗೆ. ಮೂರನೇ ಸ್ಥಾನದವರ ಲೆಕ್ಕದಲ್ಲಿ ಹಳೆಯ ಕಂಟಕ ಪೂರ್ತಿ ಹೋಗಿಲ್ಲ: ಕೊನೆಗೆ ಆಡುವ ಗುಂಪುಗಳಿಗೆ ಎಷ್ಟು ಅಂಕ ಸಾಕೆಂದು ಮೊದಲೇ ಗೊತ್ತಿರುತ್ತದೆ.

ಈಗ ಯುರೋಪಿಗೆ 16, ಆಫ್ರಿಕಾಕ್ಕೆ ಒಂಬತ್ತು, ಏಷ್ಯಾಕ್ಕೆ ಎಂಟು, ದಕ್ಷಿಣ ಅಮೆರಿಕಕ್ಕೆ ಆರು, ಮೂವರು ಆತಿಥೇಯರೂ ಸೇರಿ ಉತ್ತರ ಮತ್ತು ಮಧ್ಯ ಅಮೆರಿಕಕ್ಕೆ ಆರು, ಓಷಿಯಾನಿಯಾಕ್ಕೆ ಒಂದು ನೇರ ಸ್ಥಾನ, ಉಳಿದೆರಡು ಪ್ಲೇಆಫ್‌ನಿಂದ. ಹತ್ತು ತಂಡಗಳ ದಕ್ಷಿಣ ಅಮೆರಿಕದಲ್ಲಿ ಆರು ತಂಡ ನೇರ ಹೋಗುವುದರಿಂದ ಅಲ್ಲಿನ ಅರ್ಹತಾ ಸುತ್ತಿನ ಹಳೆಯ ಬಿಸಿ ತಗ್ಗಿರುವುದು ನಿಜ. ಅದರ ಎದುರಿಗೆ ಜಮೈಕಾದ ಕಿಂಗ್‌ಸ್ಟನ್‌ನ 2025ರ ನವೆಂಬರ್ 18ರ ರಾತ್ರಿಯನ್ನು ಇಡಬೇಕು. ಕೆರಿಬಿಯನ್ ದ್ವೀಪ ಕುರಸಾವೊಕ್ಕೆ ಅರ್ಹತೆ ಪಡೆಯಲು ಡ್ರಾ ಸಾಕಿತ್ತು. ಜಮೈಕಾದ ಚೆಂಡು ಮೂರು ಸಲ ಗೋಲು ಕಂಬಕ್ಕೆ ಬಡಿಯಿತು. ಹೆಚ್ಚುವರಿ ನಿಮಿಷಗಳಲ್ಲಿ ಜಮೈಕಾಕ್ಕೆ ಕೊಟ್ಟಿದ್ದ ಪೆನಾಲ್ಟಿಯನ್ನು ವಿಡಿಯೊ ನೋಡಿ ರೆಫರಿ ಹಿಂಪಡೆದರು. 0–0. ಸುಮಾರು ಒಂದೂವರೆ ಲಕ್ಷ ಜನರ ದ್ವೀಪ ವಿಶ್ವಕಪ್‌ಗೆ ಅರ್ಹತೆ ಪಡೆದ ಅತಿ ಚಿಕ್ಕ ದೇಶವಾಯಿತು. ಕೇಪ್ ವರ್ಡ್, ಜೋರ್ಡನ್, ಉಜ್ಬೇಕಿಸ್ತಾನದಲ್ಲೂ ಇದೇ ಮೊದಲ ಸಂಭ್ರಮ.

ತಂಡಗಳಿಗೆ ಬಾಗಿಲು ಅಗಲವಾದಷ್ಟು ಅಭಿಮಾನಿಗಳಿಗೆ ಆಗಿಲ್ಲ, ಈಗಿನ ಗೊಂದಲದ ತಿರುಳು ಇಲ್ಲಿದೆ. ಈ ಸಲ ಬೇಡಿಕೆಗೆ ತಕ್ಕಂತೆ ಟಿಕೆಟ್ ದರ ಏರಿಳಿಯುವ ಪದ್ಧತಿ ಬಂದಿದೆ. ವ್ಯಾಂಕೂವರ್‌ನಿಂದ ಮಯಾಮಿವರೆಗೆ ಹರಡಿರುವ ಮೈದಾನಗಳ ನಡುವೆ ವಿಮಾನವಿಲ್ಲದೆ ಓಡಾಟ ಸಾಧ್ಯವಿಲ್ಲ. ಅಭಿಮಾನಿ ಸಂಘಟನೆಗಳ ಆಕ್ಷೇಪ ಜೋರಾದ ಮೇಲೆ 2025ರ ಡಿಸೆಂಬರ್‌ನಲ್ಲಿ ಪ್ರತಿ ಪಂದ್ಯಕ್ಕೂ 60 ಡಾಲರ್‌ನ ಒಂದಿಷ್ಟು ಟಿಕೆಟ್‌ಗಳನ್ನು ಪ್ರಕಟಿಸಲಾಯಿತು.

ಹೈಟಿಯ ಸ್ಥಿತಿ ನೋಡಿ. 1974ರ ನಂತರ ಮೊದಲ ಸಲ ಅದು ವಿಶ್ವಕಪ್‌ಗೆ ಬರುತ್ತಿದೆ. ಸಶಸ್ತ್ರ ಗುಂಪುಗಳ ಹಾವಳಿಯಿಂದ ಸ್ವದೇಶದಲ್ಲಿ ಆಡಲಾಗದೆ ‘ತವರಿನ’ ಪಂದ್ಯಗಳನ್ನು ಕುರಸಾವೊದಲ್ಲಿ ಆಡಿ ಅರ್ಹತೆ ಪಡೆಯಿತು. ಅದರ ಗುಂಪಿನಲ್ಲಿ ಬ್ರೆಜಿಲ್, ಮೊರಾಕ್ಕೊ, ಸ್ಕಾಟ್ಲೆಂಡ್ ಇವೆ. ಮೂರೂ ಪಂದ್ಯ ಅಮೆರಿಕದಲ್ಲಿ. ಆದರೆ ಅಮೆರಿಕ 2025ರ ಜೂನ್‌ನಲ್ಲಿ ಹೊರಡಿಸಿದ ಪ್ರವೇಶ ನಿರ್ಬಂಧದ ಪಟ್ಟಿಯಲ್ಲಿ ಹೈಟಿ ಇದೆ, ಅರ್ಹತೆ ಪಡೆದ ಇರಾನ್ ಕೂಡ ಇದೆ. ಆಟಗಾರರಿಗೆ, ಸಿಬ್ಬಂದಿಗೆ ವಿನಾಯಿತಿ ಉಂಟು, ಅಭಿಮಾನಿಗಳಿಗೆ ಇಲ್ಲ. ಐವತ್ತೆರಡು ವರ್ಷ ಕಾದವರು ಪೋರ್ಟ್-ಒ-ಪ್ರಿನ್ಸ್‌ನಲ್ಲೇ ಟಿವಿ ಮುಂದೆ ಕೂರಬೇಕು. ಪ್ರತಿ ಪಂದ್ಯದ ಶೇ 8ರಷ್ಟು ಟಿಕೆಟ್‌ಗಳನ್ನು ಆಯಾ ದೇಶದ ಫುಟ್‌ಬಾಲ್ ಸಂಸ್ಥೆಗೆ ಕೊಡಲಾಗುತ್ತದೆ, ಅಗ್ಗದ ಟಿಕೆಟ್‌ಗಳೂ ಅದರಲ್ಲೇ ಸೇರಿವೆ. ಹೈಟಿಯ ಪಾಲಿನವನ್ನು ಬಳಸಿಕೊಳ್ಳಲು ಸಾಧ್ಯವಾಗುವುದು ಬಹುಪಾಲು ಮಯಾಮಿ, ಬಾಸ್ಟನ್, ನ್ಯೂಯಾರ್ಕ್‌ಗಳಲ್ಲಿ ಮೊದಲೇ ನೆಲೆಸಿರುವ ಹೈಟಿಯನ್ನರಿಗೆ. ತಂಡಕ್ಕಾಗಿ ಕೂಗುವವರು ಅಲ್ಲಿ ಖಂಡಿತ ಇರುತ್ತಾರೆ. ಇನ್ನು 2030ಕ್ಕೆ 64 ತಂಡ ಬೇಕೆಂಬ ಪ್ರಸ್ತಾವವನ್ನು ದಕ್ಷಿಣ ಅಮೆರಿಕ ಒಕ್ಕೂಟ ಮುಂದಿಟ್ಟಾಗಿದೆ. ಯುರೋಪ್, ಏಷ್ಯಾ ಒಕ್ಕೂಟಗಳ ಅಧ್ಯಕ್ಷರು ಬೇಡವೆಂದಿದ್ದಾರೆ. ಆ ಚರ್ಚೆ ನಡೆಯುವಾಗ ಸ್ಥಾನಗಳ ಪಟ್ಟಿಯ ಪಕ್ಕದಲ್ಲಿ ವೀಸಾ ಮತ್ತು ಟಿಕೆಟ್‌ಗಳ ಪಟ್ಟಿಯನ್ನೂ ಇಡಬೇಕೆಂದು ಈಗಲೇ ಕೇಳಬೇಕಾಗಿದೆ.