ಎವರೇಜ್ ಬರುತ್ತಿಲ್ಲವೇ? ಮೊದಲು ಬ್ರೇಕ್ ಪ್ಯಾಡ್ ನೋಡಿ

ಪುಣೆಯ ನನ್ನ ಗ್ಯಾರೇಜಿಗೆ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರು ತುಂಬಾ ಜನ ಬರುತ್ತಾರೆ. ಹೆಚ್ಚಿನವರ ದೂರು ಒಂದೇ: ‘ಗಾಡಿ ಎವರೇಜ್ ಕೊಡವಲ್ದರೀ, ಇಂಜಿನ್ ಒಂಚೂರು ನೋಡ್ರಿ.’ ನಾನು ಬಾನೆಟ್ ಎತ್ತುವ ಮೊದಲು ಮುಂದಿನ ಚಕ್ರ ಬಿಚ್ಚುತ್ತೇನೆ.

ಗಾಡಿ ಓಡಿಸುವವರ ಕಾಲು ಎಂಥದ್ದು ಅನ್ನೋದು, ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್‌ನಲ್ಲಿ ಗೊತ್ತಾಗುತ್ತದೆ. ಒಂದೇ ಮಾಡೆಲ್‌ನ ಎರಡು ಕಾರು, ಎರಡೂ ದಿನಾ ಹಿಂಜವಡಿಯ ಐಟಿ ಪಾರ್ಕಿಗೆ ಹೋಗುವಂಥವು ಅಂದುಕೊಳ್ಳಿ. ಒಂದರ ಪ್ಯಾಡ್ 20 ಸಾವಿರ ಕಿ.ಮೀ.ಗೇ ತಗಡು ಕಾಣುವಷ್ಟು ಸವೆದಿರುತ್ತದೆ. ಡಿಸ್ಕ್ ಮೇಲೆ ಉಗುರು ಸಿಕ್ಕಿಕೊಳ್ಳುವಂಥ ಗೀರು, ರಿಮ್ ತುಂಬಾ ಕಪ್ಪು ಪುಡಿ. ಇನ್ನೊಂದರಲ್ಲಿ 40 ಸಾವಿರ ದಾಟಿದರೂ ಪ್ಯಾಡ್ ದಪ್ಪಗಿರುತ್ತದೆ. ಇಂಜಿನ್ ಎರಡರದ್ದೂ ಚೆನ್ನಾಗಿಯೇ ಇದೆ. ಮೊದಲನೆಯವರು ಪೆಟ್ರೋಲ್ ಸುಟ್ಟು ವೇಗ ಏರಿಸಿದರು, ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿ ಅಷ್ಟನ್ನೂ ಬಿಸಿ ಮಾಡಿ ಕಳೆದರು. ಆ ಕಪ್ಪು ಪುಡಿಯಲ್ಲಿ ಲೋಹದ ಕಣಗಳಿವೆ. ರಿಮ್‌ಗೆ ಅಂಟದೆ ಹಾರಿಹೋದದ್ದನ್ನು ನಾವೇ ಉಸಿರಾಡುತ್ತೇವೆ.

ಹೀಗೆ ದಂಡವಾದ ಪೆಟ್ರೋಲ್ ಹೊಗೆಯಾಗಿ ಗಾಳಿಗೂ ಸೇರುತ್ತದೆ. ಒಂದು ಲೀಟರ್ ಪೆಟ್ರೋಲ್ ತೂಗುವುದು ಸುಮಾರು 750 ಗ್ರಾಂ. ಸುಟ್ಟಾಗ ಬರುವ ಕಾರ್ಬನ್ ಡೈಆಕ್ಸೈಡ್ ಮಾತ್ರ ಸುಮಾರು 2.3 ಕಿಲೋ. ಗಾಳಿಯ ಆಮ್ಲಜನಕವೂ ಸೇರಿಕೊಳ್ಳುವುದರಿಂದ ತೂಕ ಹೀಗೆ ಏರುತ್ತದೆ. ಡೀಸೆಲ್‌ನಲ್ಲಿ ಇನ್ನೂ ಜಾಸ್ತಿ, 2.7 ಕಿಲೋ ಹತ್ತಿರ.

ಹಾಗಾದರೆ ಮಾಡಬೇಕಾದ್ದೇನು? ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಗೇರ್ ಹಾಗೇ ಇರಲಿ. ಈಗಿನ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಇಂಧನ ಚಿಮ್ಮಿಸುವ) ಇಂಜಿನ್‌ಗಳು ಆಗ ಇಂಧನವನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಇಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಿರಲು ಪೆಟ್ರೋಲ್ ಕುಡಿಯಲೇಬೇಕು. ಇದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ. ಇಂಧನ ಹೀಗೆ ನಿಲ್ಲದ ಹಳೇ ಕಾರ್ಬುರೇಟರ್ ಗಾಡಿಗಳ ಕಾಲದ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಊರಿಂದ ಬರುವಾಗ ಘಾಟ್‌ನಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಆ ಕ್ಷಣದ ಮೈಲೇಜ್ ಅಂಕಿ ನೋಡಲು ಪಕ್ಕದಲ್ಲಿ ಕೂತವರಿಗೆ ಹೇಳಿ. ಗೇರ್‌ನಲ್ಲೇ ಕಾಲು ತೆಗೆದು ಇಳಿಯುವಾಗ ಅದು ತುದಿಗೇರಿ ನಿಲ್ಲುತ್ತದೆ.

ಪುಣೆಗೆ ಬರುವ ಹೆದ್ದಾರಿಯಲ್ಲಿ, ಹೊಸ ಕಾತ್ರಜ್ ಸುರಂಗದಿಂದ ನವಲೆ ಸೇತುವೆ ತನಕದ ಇಳಿಜಾರಿನಲ್ಲಿ ಇದು ಜೀವದ ಪ್ರಶ್ನೆ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದು ಲಾರಿ ಹತ್ತಾರು ಗಾಡಿಗಳಿಗೆ ಗುದ್ದಿತ್ತು. ನ್ಯೂಟ್ರಲ್‌ನಲ್ಲಿ ಇಳಿದರೆ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ, ಬಿಸಿಯಾದ ಬ್ರೇಕ್ ಹಿಡಿಯುವುದಿಲ್ಲ. ದಯವಿಟ್ಟು ಉಳಿತಾಯದ ಹೆಸರಲ್ಲಿ ಇದನ್ನು ಮಾಡಬೇಡಿ.

ಟೈರ್ ಗಾಳಿ 15 ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ ನೋಡಿಸಿ. ಬೆಳಿಗ್ಗೆ ಇಂಜಿನ್ ಬೆಚ್ಚಗಾಗಲಿ ಅಂತ ಸುಮ್ನೆ ಐದು ನಿಮಿಷ ನಿಲ್ಲಿಸಬೇಡಿ. ಅರ್ಧ ನಿಮಿಷ ಸಾಕು, ಮೊದಲೆರಡು ಕಿಲೋಮೀಟರ್ ನಿಧಾನ ಹೋಗಿ. ಸೈಲೆನ್ಸರ್ ಕೊಳವೆಯಲ್ಲಿ ಹೊಗೆ ಶುದ್ಧ ಮಾಡಲೆಂದೇ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ತಣ್ಣಗಿದ್ದಾಗ ಆ ಕೆಲಸ ಸರಿಯಾಗಿ ಮಾಡುವುದಿಲ್ಲ, ಗಾಡಿ ಓಡಿದರೆ ಬೇಗ ಬಿಸಿಯಾಗುತ್ತದೆ.

ಇನ್ನು ಸಿಗ್ನಲ್. ಎಸಿ ಹಾಕಿ ನಿಂತ ಸಣ್ಣ ಕಾರು ಕೂಡ ಗಂಟೆಗೆ ಅರ್ಧದಿಂದ ಒಂದು ಲೀಟರ್ ಸುಡುತ್ತದೆ. ನಿಮ್ಮ ಸೈಲೆನ್ಸರ್ ಹಿಂದೆಯೇ ಸ್ಕೂಟರ್ ಮೇಲೆ ಸ್ಕೂಲ್ ಬ್ಯಾಗಿನ ಮಗು ಕೂತಿರುತ್ತದೆ, ಅಲ್ವಾ? ಟೈಮರ್ 30ಕ್ಕಿಂತ ಜಾಸ್ತಿ ತೋರಿಸಿದರೆ ಇಂಜಿನ್ ಆರಿಸಿ. ಸ್ಟಾರ್ಟರ್ ಹಾಳಾಗುತ್ತದೆ ಅನ್ನುವವರಿದ್ದಾರೆ. ಒಳ್ಳೆ ಬ್ಯಾಟರಿ ಇದ್ದರೆ ದಿನಕ್ಕೆ ನಾಲ್ಕಾರು ಸಲದಿಂದ ಏನೂ ಆಗುವುದಿಲ್ಲ. ತಾನೇ ಆರಿ ತಾನೇ ಹೊತ್ತುವ ವ್ಯವಸ್ಥೆ ಇರುವ ಕಾರುಗಳಲ್ಲಂತೂ ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಅದಕ್ಕೆಂದೇ ಗಟ್ಟಿಯಾಗಿ ಮಾಡಿರುತ್ತಾರೆ. ಅದನ್ನು ಬಂದ್ ಮಾಡುವ ಬಟನ್ ಒತ್ತಬೇಡಿ.